ಸಾಕಿದ್ದು ಬಿಡೋದಕ್ಕೆ

ಲಂಡನ್ನಿಗೆ ಆನ್‌ಸೈಟ್ ಹೋಗಿ ಬಂದವರ ಫೋಟೋಗಳಲ್ಲಿ ಲೆಡನ್‌ಹಾಲ್ ಮಾರ್ಕೆಟ್ಟಿನದ್ದು ಒಂದಾದರೂ ಇದ್ದೇ ಇರುತ್ತೆ. ಬಣ್ಣ ಬಳಿದ ಕಬ್ಬಿಣದ ಕಂಬಗಳು, ಮೇಲೆ ಗಾಜಿನ ಛಾವಣಿ, ಕೆಳಗೆ ಸೂಟು ಹಾಕಿಕೊಂಡು ಬಿಯರ್ ಹಿಡಿದು ನಿಂತ ಆಫೀಸಿನ ಜನ. ಮೊದಲ ಹ್ಯಾರಿ ಪಾಟರ್ ಸಿನಿಮಾದ ಒಂದಷ್ಟು ಶೂಟಿಂಗ್ ಇಲ್ಲಿ ನಡೆದಿತ್ತು ಅನ್ನೋದೇ ನಮ್ಮವರಿಗೆ ದೊಡ್ಡ ಆಕರ್ಷಣೆ. ಈಗ ಕಾಣೋ ಕಟ್ಟಡ 1881ರದ್ದು. ಆದರೆ ಅಲ್ಲಿನ ಸಂತೆ ಅದಕ್ಕಿಂತ ನೂರಾರು ವರ್ಷ ಹಳೆಯದು. ಕೋಳಿ, ಬಾತು, ಬೇಟೆ ಹಕ್ಕಿಗಳಿಗೆ ಹೆಸರಾದ ಸಂತೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಇನ್ನೊಂದು ಸರಕೂ ಸಿಗ್ತಿತ್ತು. ಜೀವಂತ ನರಿ! ಕೋಳಿ ಮಾರೋ ಸಂತೇಲೇ ನರಿ ಮಾರಾಟ.

ಕೊಳ್ತಿದ್ದವರು ಯಾರು ಅಂದ್ರೆ, ನರಿ ಬೇಟೆ ಆಡೋ ಕೂಟಗಳವರು. ತಮ್ಮ ಸೀಮೆಯಲ್ಲಿ ನರಿ ಕಡಿಮೆಯಾದಾಗ ಫ್ರಾನ್ಸ್, ಹಾಲೆಂಡ್, ಜರ್ಮನಿ ಕಡೆಯಿಂದ ಹಡಗಿನಲ್ಲಿ ಬಂದ ನರಿಗಳನ್ನು ಇಲ್ಲಿ ಕೊಂಡು, ತಮ್ಮ ಕಡೆ ಬಿಟ್ಟು, ಆಮೇಲೆ ಅವುಗಳ ಹಿಂದೆ ನಾಯಿ ಬಿಡೋರು. ಈ ಸಂತೆ ನರಿಗಳಿಗೆ 'ಲೆಡನ್‌ಹಾಲರ್' ಅಂತ ಅಡ್ಡಹೆಸರೇ ಬಿದ್ದಿತ್ತು. ಬರೀ ದೊಡ್ಡ ನರಿಗಳಲ್ಲ, ಬಿಲದಿಂದ ಅಗೆದು ತೆಗೆದ ಮರಿಗಳೂ ಕೈಯಿಂದ ಕೈಗೆ ಹೋಗ್ತಿದ್ವು. ಅಂಥ ಮರಿಗಳಿಗೆ ಮೊಲದ ಮಾಂಸ ಹಾಕಿ, ಕಾವಲುಗಾರನನ್ನು ಇಟ್ಟು, ಜೋಪಾನವಾಗಿ ಬೆಳೆಸೋರು.

ಇವತ್ತು ಅದೇ ದೇಶದಲ್ಲಿ, ಪ್ರತಿ ವರ್ಷ ಮಾರ್ಚ್ ತಿಂಗಳು ಬಂತು ಅಂದ್ರೆ, ತಾಯಿ ಇಲ್ಲದ ನರಿಮರಿಗಳಿಗೆ ರಾತ್ರಿ ನಿದ್ದೆಗೆಟ್ಟು ಹಾಲು ಕುಡಿಸೋ ಸ್ವಯಂಸೇವಕರಿದ್ದಾರೆ. ಅವರೂ ಮರಿಗೆ ಉಣಿಸ್ತಾರೆ, ಬೆಳೆಸ್ತಾರೆ, ಕೊನೆಗೆ ಬಯಲಿಗೆ ಬಿಡ್ತಾರೆ. ದೂರದಿಂದ ನೋಡಿದ್ರೆ ಎರಡೂ ಕಾಲದವರು ಮಾಡಿದ ಕೆಲಸ ಒಂದೇ. ಹಾಗಾದ್ರೆ ನಡುವೆ ಬದಲಾಗಿದ್ದೇನು? ಈ ಬರಹ ಆ ಪ್ರಶ್ನೆಯ ಬಗ್ಗೆ.

*

ಮೊದಲು ಒಂದು ಗೊಂದಲ ತೀರಿಸಿಬಿಡೋಣ. ನಾವು ಕನ್ನಡದಲ್ಲಿ 'ನರಿ' ಅಂತ ಒಂದೇ ಮಾತಲ್ಲಿ ಹೇಳೋದು ನಿಜಕ್ಕೂ ಎರಡು ಬೇರೆ ಪ್ರಾಣಿಗಳನ್ನ. ಮುಸ್ಸಂಜೆಯಲ್ಲಿ ಊರಾಚೆ ಗುಂಪಾಗಿ ಊಳಿಡುತ್ತಲ್ಲ, 'ನರಿ ಕೂಗು ಗಿರಿ ಮುಟ್ಟೀತೆ' ಅನ್ನೋ ಗಾದೆಯಲ್ಲಿ ಬರುತ್ತಲ್ಲ, ಅದನ್ನ ಇಂಗ್ಲಿಷರು ಜಾಕಲ್ ಅಂತಾರೆ. ತೋಳ, ನಾಯಿಗಳ ಹತ್ತಿರದ ನೆಂಟ. ಇನ್ನೊಂದು, ನಮ್ಮ ಬಯಲುಸೀಮೆಯ ಬೀಳು ನೆಲದಲ್ಲಿ ಬಿಲ ತೋಡಿಕೊಂಡು ಇಲಿ, ಮಿಡತೆ, ಬಾರೆಹಣ್ಣು ತಿಂದುಕೊಂಡಿರೋ ಚಿಕ್ಕ ಪ್ರಾಣಿ. ಬಾಲದ ತುದಿ ಕಪ್ಪು. ಅದು ಫಾಕ್ಸ್ ಜಾತಿಯದು. ಇಂಗ್ಲೆಂಡಿನದ್ದು ಇದರ ದೊಡ್ಡ ದಾಯಾದಿ ಕೆಂಪು ನರಿ. ಅದರ ಬಾಲದ ತುದಿ ಸಾಮಾನ್ಯವಾಗಿ ಬಿಳಿ. ಇಲ್ಲಿ ನಾನು ಹೇಳ್ತಿರೋ ಕಥೆ ಮುಖ್ಯವಾಗಿ ಆ ಕೆಂಪು ನರಿಯದ್ದು.

ನಮ್ಮಲ್ಲಿ ಬೆಳಗ್ಗೆ ಎದ್ದು ನರಿ ಮುಖ ನೋಡಿದ್ರೆ ಅದೃಷ್ಟ. ಆಫೀಸಲ್ಲಿ ಒಳ್ಳೆ ಹೈಕ್ ಸಿಕ್ಕಿದವನನ್ನು ಈಗಲೂ 'ಏನಪ್ಪಾ, ನರಿ ಮುಖ ನೋಡಿ ಎದ್ದಿದ್ಯಾ' ಅಂತ ಕೇಳ್ತೀವಿ. ಇಂಗ್ಲೆಂಡಿನಲ್ಲಿ ಮಾತ್ರ ನರಿಗೆ ಅಂಥ ಮರ್ಯಾದೆ ಇರಲಿಲ್ಲ. ಮೊದಲನೇ ಎಲಿಜಬೆತ್ ರಾಣಿಯ ಕಾಲದಲ್ಲಿ, 1566ರಲ್ಲಿ, ಬೆಳೆ ಮತ್ತು ಸಾಕುಪ್ರಾಣಿಗಳಿಗೆ ಕಂಟಕವಾದ ಜೀವಿಗಳನ್ನು ಕೊಂದವರಿಗೆ ಇನಾಮು ಕೊಡೋ ಕಾನೂನು ಬಂತು. ಅದರ ಪಟ್ಟಿಯಲ್ಲಿ ನರಿಯೂ ಇತ್ತು. ಒಂದು ನರಿ ತಲೆಗೆ ಹನ್ನೆರಡು ಪೆನ್ನಿ. ತಲೆ ತಂದು ಚರ್ಚಿನ ಮೇಲ್ವಿಚಾರಕರಿಗೆ ಒಪ್ಪಿಸಿದ್ರೆ ಅವರು ದುಡ್ಡು ಕೊಟ್ಟು ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳೋರು. ಆಗ ನರಿ ಅಂದ್ರೆ ಕ್ರೀಡೆ ಅಲ್ಲ, ಪೀಡೆ.

ದೊಡ್ಡವರ ಬೇಟೆ ಅಂದ್ರೆ ಜಿಂಕೆ. ಆದರೆ ಕಾಡು ಕಡಿದು, ಹೊಲಗಳಿಗೆ ಬೇಲಿ ಹಾಕಿ, ಜಿಂಕೆ ಕಡಿಮೆಯಾಗುತ್ತಾ ಬಂದ ಹಾಗೆ ಕುದುರೆ ಇದ್ದವರಿಗೆ ಕೆಲಸ ಇಲ್ಲದಂತಾಯ್ತು. ಆಗ ಕಣ್ಣಿಗೆ ಬಿದ್ದಿದ್ದು ನರಿ. 1753ರಲ್ಲಿ ಲೆಸ್ಟರ್‌ಶೈರ್ ಸೀಮೆಯಲ್ಲಿ ಹ್ಯೂಗೋ ಮೆನೆಲ್ ಅನ್ನೋ ಜಮೀನುದಾರ ಬೇಟೆನಾಯಿಗಳ ತಳಿಯನ್ನೇ ತಿದ್ದೋದಕ್ಕೆ ಶುರು ಮಾಡಿದ. ನಿಧಾನವಾಗಿ ಮೂಸುತ್ತಾ ಹೋಗೋ ನಾಯಿ ಹೋಗಿ, ನರಿಯ ವೇಗಕ್ಕೆ ಓಡೋ ನಾಯಿ ಬಂತು. ಸುಮಾರು ಐವತ್ತು ವರ್ಷ ಅವನು ಈ ಕೆಲಸ ಮಾಡಿದ. ಅವನನ್ನು ಆಧುನಿಕ ನರಿ ಬೇಟೆಯ ಪಿತಾಮಹ ಅಂತ ಕರೀತಾರೆ. ಕೆಂಪು ಕೋಟು, ಕಹಳೆ, ಬೇಲಿ ಹಾರೋ ಕುದುರೆ, ಎಲ್ಲಾ ಇದರ ಹಿಂದೆಯೇ ಬಂದವು.

ಇಲ್ಲಿಂದ ಕಥೆ ತಲೆಕೆಳಗಾಗುತ್ತೆ. ಕೊಂದವರಿಗೆ ಇನಾಮು ಕೊಡ್ತಿದ್ದ ದೇಶದಲ್ಲಿ ಈಗ ನರಿಯನ್ನು ಬೇರೆ ಥರ ಕೊಲ್ಲೋದೇ ಅಪಚಾರ! ಕೋಳಿ ಕದ್ದ ನರಿಗೆ ರೈತ ಗುಂಡು ಹಾರಿಸಿದ್ರೆ ಊರಿನ ದೊಡ್ಡವರ ಸಿಟ್ಟಿಗೆ ಗುರಿ. ಬ್ರಹ್ಮಹತ್ಯೆ, ಗೋಹತ್ಯೆ ಅಂತೀವಲ್ಲ, ಹಾಗೇ ಅವರು 'ನರಿಹತ್ಯೆ'ಗೆ ವಲ್ಪಿಸೈಡ್ ಅನ್ನೋ ಪದವನ್ನೇ ಕಟ್ಟಿಕೊಂಡ್ರು. ರೈತ ಸುಮ್ಮನಿರಲಿ ಅಂತ, ಹೋದ ಕೋಳಿಗಳಿಗೆ ಪರಿಹಾರ ಕೊಡೋದಕ್ಕೆ ಬೇಟೆ ಕೂಟಗಳು ನಿಧಿ ಇಟ್ಟಿದ್ವು. ನರಿ ಅಡಗೋದಕ್ಕೆ ಅಂತಲೇ ಮುಳ್ಳುಪೊದೆಗಳ ತೋಪು ಬೆಳೆಸಿದ್ರು. ಇಟ್ಟಿಗೆ, ಕಲ್ಲು, ಕೊಳವೆ ಇಟ್ಟು ನೆಲದಡಿ ಕೃತಕ ಬಿಲ ಕಟ್ಟಿಸಿದ್ರು. ಕೊಂಡು ತಂದ ಮರಿಗಳನ್ನು ಅದರಲ್ಲಿಟ್ಟು ಮೇವು ಹಾಕಿದ್ರು.

ಮರಿಗಳು ಬೇಸಿಗೆಯೆಲ್ಲಾ ಬೆಳೆದು ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಓಡಾಡೋ ಹಾಗಾದಾಗ, ಹೊಸ ಬೇಟೆನಾಯಿಗಳ ಟ್ರೇನಿಂಗ್ ಶುರು. ಅದರ ಹೆಸರೇ ಕಬ್ ಹಂಟಿಂಗ್, ಅಂದ್ರೆ ಮರಿ ಬೇಟೆ. ಎಳೆ ನಾಯಿಗಳಿಗೆ ರಕ್ತದ ರುಚಿ ಹತ್ತಿಸೋದಕ್ಕೆ ಎಳೆ ನರಿಗಳು. ಆಮೇಲೆ ನವೆಂಬರಿನಲ್ಲಿ ನಿಜವಾದ ಸೀಸನ್ನು.

ಗಮನಿಸಿ, ಇಲ್ಲಿ ಯಾರೂ ಮರಿಯನ್ನು ದ್ವೇಷಿಸ್ತಿರಲಿಲ್ಲ. ಮೇವು ಹಾಕೋ ಕಾವಲುಗಾರ ಅದರ ಹೊಟ್ಟೆ ತುಂಬಿದೆಯಾ ಅಂತ ನೋಡ್ತಿದ್ದ. ಬಿಲದೊಳಗೆ ನೀರು ನುಗ್ಗದ ಹಾಗೆ ನೋಡ್ಕೊಳ್ತಿದ್ದ. ಕಾಡಿಗೆ ಬಿಡೋದೂ ಇತ್ತು. ಬರೀ ಸಾಕಿದ ರೀತಿ ನೋಡಿ ಸಾಕಿದವನ ಉದ್ದೇಶ ತಿಳಿಯೋಕಾಗಲ್ಲ. ನಮ್ಮೂರಲ್ಲಿ ಮಾರಿಹಬ್ಬಕ್ಕೆ ಬಿಟ್ಟ ಮರಿಯನ್ನೂ ಚೆನ್ನಾಗೇ ಮೇಯಿಸ್ತಾರೆ.

ಈ ಚಟ ನಮ್ಮ ಪಕ್ಕದ ನೀಲಗಿರಿಗೂ ಬಂತು. ಊಟಿಯಲ್ಲಿ ಬ್ರಿಟಿಷ್ ಅಧಿಕಾರಿಗಳಿಗೆ ಕೆಂಪು ಕೋಟು ಇತ್ತು, ಕುದುರೆ ಇತ್ತು, ಇಂಗ್ಲೆಂಡಿನಿಂದ ತರಿಸಿದ ಬೇಟೆನಾಯಿಗಳೂ ಇದ್ದವು. ಇರದಿದ್ದದ್ದು ಕೆಂಪು ನರಿ ಒಂದೇ. ಅದರ ಜಾಗಕ್ಕೆ ನಮ್ಮ ಊಳಿಡೋ ನರಿಯನ್ನೇ ಹಾಕಿಕೊಂಡು ವೆನ್ಲಾಕ್ ಡೌನ್ಸ್ ಹುಲ್ಲುಗಾವಲಿನಲ್ಲಿ ಅಟ್ಟಿಸಿದ್ರು. ಈಗ ನಾವು ಗುಂಡ್ಲುಪೇಟೆ ದಾಟಿ ವೀಕೆಂಡಿಗೆ ಹೋಗಿ, ಗಾಡಿ ನಿಲ್ಲಿಸಿ ಸೆಲ್ಫಿ ತಗೊಳ್ಳೋ ಹಸಿರು ದಿಬ್ಬಗಳು ಅವೇ.

*

ಹಾಗಂತ ಇಂಗ್ಲೆಂಡಿನಲ್ಲಿ ಪ್ರಾಣಿದಯೆ ಇರಲಿಲ್ಲ ಅಂತಲ್ಲ. 1822ರಲ್ಲೇ ದನ-ಕುದುರೆಗಳನ್ನು ಹಿಂಸಿಸೋದರ ವಿರುದ್ಧ ಕಾನೂನು ಬಂದಿತ್ತು. 1824ರಲ್ಲಿ ಲಂಡನ್ನಿನ ಒಂದು ಕಾಫಿ ಹೌಸಿನಲ್ಲಿ ಪ್ರಾಣಿದಯಾ ಸಂಘ ಹುಟ್ಟಿತು. ಮುಂದೆ ರಾಣಿ ವಿಕ್ಟೋರಿಯಾಳ ಅನುಮತಿಯಿಂದ 'ರಾಯಲ್' ಸೇರಿಕೊಂಡು ಆರ್‌ಎಸ್‌ಪಿಸಿಎ ಆಯ್ತು. ಆದರೆ ಆ ದಯೆಯ ವ್ಯಾಪ್ತಿ ನೋಡಿ. 1911ರ ಪ್ರಾಣಿ ರಕ್ಷಣಾ ಕಾನೂನು ಕಾಪಾಡ್ತಿದ್ದದ್ದು ಸಾಕುಪ್ರಾಣಿ ಮತ್ತು ಸೆರೆಯಲ್ಲಿರೋ ಪ್ರಾಣಿಗಳನ್ನು ಮಾತ್ರ. ಅಂದ್ರೆ ಒಂದು ನರಿಮರಿ ನಿಮ್ಮ ಅಡುಗೆಮನೆಯ ರಟ್ಟಿನ ಡಬ್ಬದಲ್ಲಿದ್ರೆ ಅದಕ್ಕೆ ಹೊಡೆಯೋದು ಅಪರಾಧ. ಅದೇ ಮರಿ ಬಿಲದ ಬಾಗಿಲಲ್ಲಿ ಕೂತಿದ್ರೆ ಕೇಳೋರಿಲ್ಲ. ಈ ತೂತು ಮುಚ್ಚಿದ್ದು 1996ರಲ್ಲಿ, ಕಾಡು ಸಸ್ತನಿಗಳ ರಕ್ಷಣೆಯ ಕಾನೂನು ಬಂದಾಗ. ಎಂಬತ್ತೈದು ವರ್ಷ! ಅದು ಬಂದಾಗಲೂ ಬೇಟೆಗೆ ವಿನಾಯ್ತಿ ಇತ್ತು.

ಕಾನೂನು ಬದಲಾಗೋಕೆ ಮುಂಚೆ ಬದಲಾಗಿದ್ದು ನರಿಯ ವಿಳಾಸ. ಎರಡು ಮಹಾಯುದ್ಧಗಳ ನಡುವೆ ಲಂಡನ್ನಿನ ಸುತ್ತ ಹೊಸ ಬಡಾವಣೆಗಳು ಎದ್ದವು. ನಮ್ಮ ಬೆಂಗಳೂರಿನ 30-40 ಸೈಟಿನ ಥರ ಗೋಡೆಗೆ ಗೋಡೆ ತಾಗಿದ ಮನೆಗಳಲ್ಲ. ಎರಡೆರಡು ಮನೆ ಜೋಡಿಯಾಗಿ, ಪ್ರತಿಯೊಂದಕ್ಕೂ ಹಿಂದೆ ಉದ್ದನೆಯ ತೋಟ, ತೋಟದ ಕೊನೆಗೊಂದು ಮರದ ಶೆಡ್ಡು. ಶೆಡ್ಡಿನ ಕೆಳಗೆ ಒಣಗಿದ, ಕತ್ತಲೆಯ, ಯಾರೂ ಕೈ ಹಾಕದ ಜಾಗ. ನರಿಗೆ ಇನ್ನೇನು ಬೇಕು? 1930ರ ದಶಕದಿಂದ ಅವು ನಗರವಾಸಿಗಳಾಗ್ತಾ ಬಂದ್ವು. ಯಾರೂ ತಂದು ಬಿಟ್ಟಿದ್ದಲ್ಲ, ಅವೇ ಬಂದಿದ್ದು.

ಹಳ್ಳಿಯವನಿಗೆ ನರಿ ಅಂದ್ರೆ ಕೋಳಿ ಕಳ್ಳ. ಜಮೀನುದಾರನಿಗೆ ಆಟದ ವಸ್ತು. ಬಡಾವಣೆಯವರಿಗೆ ಮಾತ್ರ ಅದು ಸಂಜೆ ಕಿಟಕಿಯಿಂದ ಕಾಣೋ ಪಕ್ಕದ ಮನೆಯವರಂತೆ ಆಯ್ತು. ಏಪ್ರಿಲ್ ಕೊನೆಗೆ ಶೆಡ್ಡಿನ ಕೆಳಗಿಂದ ನಾಲ್ಕೈದು ಮರಿಗಳು ಹೊರಗೆ ಬಂದು ಹುಲ್ಲಿನ ಮೇಲೆ ಉರುಳಾಡೋದನ್ನ ಕಾಫಿ ಕುಡೀತಾ ನೋಡೋ ಜನ ಮೊದಲ ಸಲ ಹುಟ್ಟಿಕೊಂಡ್ರು. ಆ ಮರಿಗಳ ತಾಯಿ ರಸ್ತೆಯಲ್ಲಿ ಕಾರಿಗೆ ಸಿಕ್ಕಿ ಸತ್ತರೆ ಅವರಿಗೆ ಅದು ಬರೀ ಒಂದು ನರಿ ಸತ್ತ ಸುದ್ದಿ ಆಗಿರಲಿಲ್ಲ. ಈಗೇನು ಮಾಡೋದು ಅಂತ ಫೋನ್ ಮಾಡೋಕೆ ಶುರು ಮಾಡಿದ್ರು. ಆದರೆ ಯಾರಿಗೆ ಫೋನ್ ಮಾಡೋದು?

ಉತ್ತರ ಬಂದಿದ್ದು ಹಿತ್ತಲುಗಳಿಂದ. 1978ರಲ್ಲಿ ಲೆಸ್ ಸ್ಟಾಕರ್ ಅನ್ನೋರ ಕುಟುಂಬ ಏಲ್ಸ್‌ಬರಿ ಊರಿನ ತಮ್ಮ ಮನೆಯ ಹಿತ್ತಲಲ್ಲಿ ಗಾಯಗೊಂಡ ಕಾಡುಪ್ರಾಣಿಗಳಿಗೆ ಆರೈಕೆ ಶುರು ಮಾಡಿತು. ಅದೇ ಬೆಳೆದು ಸೇಂಟ್ ಟಿಗಿವಿಂಕಲ್ಸ್ ಅನ್ನೋ ವನ್ಯಜೀವಿ ಆಸ್ಪತ್ರೆಯಾಯ್ತು. 1991ರಲ್ಲಿ ಕೆಂಟ್ ಸೀಮೆಯಲ್ಲಿ ನರಿಗಳಿಗೇ ಮೀಸಲಾದ ಫಾಕ್ಸ್ ಪ್ರಾಜೆಕ್ಟ್ ಹುಟ್ಟಿತು. ಇದರ ಮೊದಲ ಕೆಲಸ ಏನಾಗಿತ್ತು ಅಂತೀರಾ? ತೋಟದಿಂದ ನರಿ ಓಡಿಸಬೇಕು ಅನ್ನೋರಿಗೆ, ಕೊಲ್ಲದೆ ಓಡಿಸೋದು ಹೇಗೆ ಅಂತ ಸಲಹೆ ಕೊಡೋದು! ಆಮೇಲೆ ಆಂಬುಲೆನ್ಸ್ ಬಂತು, ಆಸ್ಪತ್ರೆ ಬಂತು, ಮರಿಗಳ ಆರೈಕೆ ಬಂತು. ನನಗೆ ಇದು ಬಹಳ ಹಿಡಿಸಿದ ವಿಷಯ. ನರಿ ಬೇಡ ಅನ್ನೋ ಮನುಷ್ಯನ ಮಾತನ್ನೂ ಕೇಳಿಸಿಕೊಂಡವರು ನರಿಗೆ ಹೆಚ್ಚು ಉಪಕಾರ ಮಾಡ್ತಾರೆ.

*

ಮರಿ ಸಾಕೋದು ಅಂದ್ರೆ ಹಾಲು ಕುಡಿಸೋದು, ಅಷ್ಟೇ ತಾನೇ ಅಂತ ಅನ್ನಿಸುತ್ತೆ. ನಮ್ಮೂರಲ್ಲೂ ಹಾಗೇ ಅಂದ್ಕೊಂಡಿದ್ರು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಯುಗಾದಿ ಕಳೆದು ಮೊದಲ ಮಳೆಗೆ ಹೊಲ ಉಳೋವಾಗ ಬದುವಿನ ಬಿಲದಲ್ಲಿ ಸಿಕ್ಕಿದ ಎರಡು ಮರಿಗಳನ್ನು ಯಾರೋ ಟವೆಲಿನಲ್ಲಿ ಸುತ್ತಿ ಊರಿಗೆ ತಂದಿದ್ರು. ಅಜ್ಜಿ ದೀಪದ ಹತ್ತಿ ಬತ್ತಿಯನ್ನ ಹಸುವಿನ ಹಾಲಲ್ಲಿ ಅದ್ದಿ ಬಾಯಿಗಿಟ್ಟಳು. ಚಪ್ಪರಿಸಿ ಚಪ್ಪರಿಸಿ ಕುಡಿದ್ವು. ಊರಿನ ಹುಡುಗರೆಲ್ಲಾ ಸರದಿಯಲ್ಲಿ ಎತ್ತಿಕೊಂಡ್ವಿ. ಎರಡನೇ ದಿನ ಹೊಟ್ಟೆ ಉಬ್ಬರಿಸಿ ಭೇದಿ ಶುರುವಾಯ್ತು. ಮೂರನೇ ದಿನಕ್ಕೆ ಎರಡೂ ಇಲ್ಲ. ಅಜ್ಜಿ ಅವತ್ತು ಊಟ ಮಾಡಲಿಲ್ಲ. ಪ್ರೀತಿ ಕಮ್ಮಿಯಾಗಿ ಸತ್ತ ಮರಿಗಳಲ್ಲ ಅವು.

ನಲವತ್ತು-ಐವತ್ತು ವರ್ಷಗಳಲ್ಲಿ ಈ ಆರೈಕೆ ಕೇಂದ್ರಗಳು ಒಂದೊಂದಾಗಿ ಕಲಿತದ್ದನ್ನ ನೋಡಿದ್ರೆ ಪ್ರೀತಿಯ ಜೊತೆ ಏನೇನು ಬೇಕು ಅಂತ ಗೊತ್ತಾಗುತ್ತೆ. ಹುಟ್ಟಿದ ಕೆಂಪು ನರಿಮರಿ ಸುಮಾರು ನೂರು ಗ್ರಾಂ ತೂಗುತ್ತೆ. ಕಣ್ಣು ಕಾಣಲ್ಲ, ಕಿವಿ ಕೇಳಲ್ಲ. ಹೆಸರಿಗೆ ಕೆಂಪು ನರಿಯಾದರೂ ಆಗ ಬಣ್ಣ ಚಾಕೊಲೇಟಿನದ್ದು. ಹಾಗಾಗಿ ಬೆಕ್ಕಿನ ಮರಿ, ನಾಯಿಮರಿ ಅಂತ ತಿಳಿದು ಎತ್ತಿಕೊಂಡು ಬರೋರೇ ಜಾಸ್ತಿ. ಎರಡು ವಾರಕ್ಕೆ ಕಣ್ಣು ಬಿಡುತ್ತೆ, ನೀಲಿ ಕಣ್ಣು. ಇನ್ನೆರಡು ಮೂರು ವಾರಕ್ಕೆ ಅದು ಜೇನಿನ ಬಣ್ಣಕ್ಕೆ ತಿರುಗುತ್ತೆ. ಮೊದಲ ಎರಡು ಮೂರು ವಾರ ತನ್ನ ಮೈ ಬಿಸಿಯನ್ನ ತಾನೇ ಕಾಯ್ದುಕೊಳ್ಳೋ ಶಕ್ತಿ ಇರಲ್ಲ. ಅದಕ್ಕೇ ತಾಯಿ ಬಿಲ ಬಿಟ್ಟು ಕದಲೋದಿಲ್ಲ, ಗಂಡು ನರಿ ಆಹಾರ ತಂದುಕೊಡುತ್ತೆ. ಹಾಗಾಗಿ ಮರಿ ಕೈಗೆ ಸಿಕ್ಕಾಗ ಮೊದಲ ಕೆಲಸ ಹಾಲಲ್ಲ, ಶಾಖ. ತಣ್ಣಗಾದ ಮರಿಗೆ ಹಾಲು ಹಾಕಿದ್ರೆ ಜೀರ್ಣ ಆಗಲ್ಲ. ಆಮೇಲೆ ಕೊಡೋದು ಹಸುವಿನ ಹಾಲಲ್ಲ, ನಾಯಿಮರಿಗಳಿಗೆ ಅಂತ ತಯಾರಿಸೋ ಹಾಲಿನ ಪುಡಿ. ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಗೆ ಮೆಲ್ಲಗೆ ಉಜ್ಜಬೇಕು. ತಾಯಿ ನೆಕ್ಕಿದ ಹಾಗೆ. ಇಲ್ಲದಿದ್ರೆ ಅಷ್ಟು ಎಳೆ ಮರಿ ತಾನಾಗಿ ಮೂತ್ರ ಮಾಡಲ್ಲ.

ಇದು ಸುಲಭದ ಭಾಗ. ಕಷ್ಟದ್ದು ಮುಂದಿದೆ. ಹೀಗೆ ನಿದ್ದೆಗೆಟ್ಟು ಸಾಕಿದ ಮರಿ ನಿಮ್ಮನ್ನ ನೋಡಿ ಓಡಿ ಬರುತ್ತೆ, ಕೈ ನೆಕ್ಕುತ್ತೆ. ಅಲ್ಲಿಗೆ ಅಪಾಯ ಶುರು. ಮನುಷ್ಯನಿಗೆ ಹೆದರದ ನರಿ ಊರಿನಲ್ಲಿ ಬಹಳ ದಿನ ಬದುಕಲ್ಲ. ಅದಕ್ಕೇ ಕಣ್ಣು ಬಿಟ್ಟು ಘನ ಆಹಾರ ತಿನ್ನೋ ಹೊತ್ತಿಗೆ ಒಂಟಿ ಮರಿಯನ್ನ ಅದೇ ವಯಸ್ಸಿನ ಬೇರೆ ಅನಾಥ ಮರಿಗಳ ಜೊತೆ ಸೇರಿಸ್ತಾರೆ. ಹೆಚ್ಚು ಕಡಿಮೆ ಐದು ಮರಿಗಳ ಒಂದು ಹೊಸ ಕುಟುಂಬ. ಸಾಕಿದವರು ಒಂದೊಂದೇ ಹೆಜ್ಜೆ ಹಿಂದೆ ಸರೀತಾರೆ. ಮಾತಾಡಿಸಲ್ಲ, ಮುದ್ದು ಮಾಡಲ್ಲ, ಮನೆ ನಾಯಿಯ ಗೆಳೆತನ ಮಾಡಿಸಲ್ಲ. ಊಟ ಇಟ್ಟು ಹೊರಟುಹೋಗ್ತಾರೆ. ಮರಿ ಅವರನ್ನ ಮರೀಬೇಕು, ಆಮೇಲೆ ಹೆದರಬೇಕು. ಯಾವ ದಿನ ಅವರ ಹೆಜ್ಜೆ ಸದ್ದಿಗೆ ಮರಿಗಳು ಮೂಲೆಗೆ ಓಡಿ ಅಡಗ್ತವೋ ಅವತ್ತು ಕೆಲಸ ಗೆದ್ದ ಹಾಗೆ. ಮಗ ದೊಡ್ಡವನಾಗಿ ಅಮೆರಿಕಕ್ಕೆ ಹೋಗಿ ಫೋನ್ ಮಾಡದೇ ಇದ್ರೆ ನಮ್ಮ ಅಪ್ಪ-ಅಮ್ಮಂದಿರು ಕೊರಗ್ತಾರಲ್ಲ, ಇಲ್ಲಿ ಫೋನ್ ಬರದೇ ಇರೋದೇ ಫಸ್ಟ್ ಕ್ಲಾಸು.

'ಅಯ್ಯೋ, ಅಷ್ಟು ಹಚ್ಚಿಕೊಂಡ ಮೇಲೆ ಮನೇಲೇ ಇಟ್ಕೊಳ್ಳಬಾರ್ದಾ? ನಾಯಿ ಥರ ಆಗಲ್ವಾ?' ಅನ್ನೋರಿದ್ದಾರೆ. ಅದಕ್ಕೆ ಸೈಬೀರಿಯಾದಿಂದ ಉತ್ತರ ಬಂದಿದೆ. 1959ರಲ್ಲಿ ಡಿಮಿಟ್ರಿ ಬೆಲ್ಯಾಯೆವ್ ಅನ್ನೋ ತಳಿವಿಜ್ಞಾನಿ, ಲ್ಯುಡ್ಮಿಲಾ ಟ್ರುಟ್ ಅವರ ಜೊತೆ ಸೇರಿ, ತುಪ್ಪಳಕ್ಕಾಗಿ ಸಾಕ್ತಿದ್ದ ನರಿಗಳ ಮೇಲೆ ಒಂದು ಪ್ರಯೋಗ ಶುರು ಮಾಡಿದರು. ಪ್ರತಿ ತಲೆಮಾರಿನಲ್ಲೂ ಮನುಷ್ಯನಿಗೆ ತೀರಾ ಕಡಿಮೆ ಹೆದರೋ ನರಿಗಳನ್ನಷ್ಟೇ ಆರಿಸಿ ಮುಂದಿನ ಮರಿ ಮಾಡಿಸೋದು. ಕೆಲವೇ ತಲೆಮಾರುಗಳಲ್ಲಿ ಬಾಲ ಅಲ್ಲಾಡಿಸೋ, ಕೈ ನೆಕ್ಕೋ ನರಿಗಳು ಹುಟ್ಟಿದ್ವು. ಆದರೆ ಅದು ಆರಿಸಿ ಆರಿಸಿ ತಳಿ ಬೆಳೆಸಿದ್ದಕ್ಕೆ ಆಗಿದ್ದು. ಮುದ್ದು ಮಾಡಿದ್ದಕ್ಕಲ್ಲ. ಬಿಲದಿಂದ ಎತ್ತಿ ತಂದ ಒಂದು ಮರಿ ಎಷ್ಟೇ ಮುದ್ದಾಗಿ ಬೆಳೆದ್ರೂ ಅದರ ಒಳಗಿರೋದು ಕಾಡೇ. ದೊಡ್ಡದಾದ ಮೇಲೆ ಅದಕ್ಕೆ ನಿಮ್ಮ ಅಪಾರ್ಟ್‌ಮೆಂಟು ಜೈಲು, ನಿಮಗೆ ಅದರ ಮೂತ್ರದ ವಾಸನೆ ನರಕ.

*

ಇನ್ನು ಕೊನೆಯ ಹಂತ. ರಿಲೀಸ್. ನಮ್ಮ ಕಸುಬಿನಲ್ಲಿ ಈ ಪದ ಕೇಳಿದ್ರೇ ಎದೆ ಢವಢವ. ಟೆಸ್ಟಿಂಗಿನಲ್ಲಿ ಚೆನ್ನಾಗಿ ಓಡಿದ್ದು ಪ್ರೊಡಕ್ಷನ್ನಿನಲ್ಲಿ ಮಲಗಬಹುದು. ಅದಕ್ಕೇ ಶುಕ್ರವಾರ ಸಂಜೆ ಯಾರೂ ರಿಲೀಸ್ ಮಾಡಲ್ಲ, ಮಾಡಿದ ಮೇಲೆ ಕಣ್ಣಿಟ್ಟು ನೋಡ್ತೀವಿ. ಹಳೇ ಕಾಲದ ಬೇಟೆ ಕೂಟಕ್ಕೆ ರಿಲೀಸ್ ಅಂದ್ರೆ ಗೋಣಿಚೀಲದ ಬಾಯಿ ಬಿಚ್ಚೋದು, ಅಷ್ಟೇ. ಮೊದಮೊದಲು ದಯೆಯಿಂದ ಸಾಕಿದವರಲ್ಲೂ ಹಲವರು ಹಾಗೇ ಕಾರಿನಲ್ಲಿ ಒಯ್ದು ಕಾಡಂಚಿನಲ್ಲಿ ಬಿಟ್ಟು ಬರೋರು. ಮರಿ ಮರದ ಹಿಂದೆ ಮರೆಯಾಯ್ತು, ಕಣ್ಣಲ್ಲಿ ನೀರು ಬಂತು, ಕಥೆ ಸುಖಾಂತ್ಯ. ಆದರೆ ಮರದ ಹಿಂದೆ ಏನಾಯ್ತು?

ಆ ಪ್ರಶ್ನೆ ಕೇಳೋಕೆ ನರಿಯ ಸಂಸಾರ ಹೇಗಿರುತ್ತೆ ಅಂತ ಮೊದಲು ಗೊತ್ತಿರಬೇಕಿತ್ತು. ಆಕ್ಸ್‌ಫರ್ಡಿನ ಡೇವಿಡ್ ಮ್ಯಾಕ್‌ಡೊನಾಲ್ಡ್ ಸ್ವತಃ ಒಂದು ಹೆಣ್ಣು ನರಿಮರಿಯನ್ನು ಸಾಕಿ, ನಿಫ್ ಅಂತ ಹೆಸರಿಟ್ಟು, ಅದರ ಜೊತೆ ತಿರುಗಾಡಿ ನರಿಗಳ ಬದುಕು ನೋಡಿದವರು. ಅವರು 1979ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದ ಲೇಖನದ ತಿರುಳು ಇದು: ನರಿ ನಾವು ಅಂದ್ಕೊಂಡ ಹಾಗೆ ಒಂಟಿಬಡುಕ ಅಲ್ಲ. ತಾವು ಮರಿ ಹಾಕದ ಹೆಣ್ಣು ನರಿಗಳು ಗುಂಪಿನ ಇನ್ನೊಬ್ಬಳ ಮರಿಗಳಿಗೆ ಆಹಾರ ತಂದುಕೊಡುತ್ತವೆ, ನೋಡಿಕೊಳ್ಳುತ್ತವೆ. ಅಂದ್ರೆ ನಮ್ಮ ಮನೆಗಳ ಚಿಕ್ಕಮ್ಮ, ದೊಡ್ಡಮ್ಮಂದಿರ ಥರ. ಹಾಗಾದ್ರೆ ಹಾಲು ಬಿಟ್ಟ ಮರಿಗಳ ತಾಯಿ ಸತ್ತ ಮಾತ್ರಕ್ಕೆ ಅವು ಅನಾಥ ಅಂತ ಹೇಳೋಕಾಗಲ್ಲ. ಅಪ್ಪ ಇರಬಹುದು, ಚಿಕ್ಕಮ್ಮ ಇರಬಹುದು. ನಾವು ಹೋಗಿ ಎತ್ತಿಕೊಂಡು ಬಂದ್ರೆ ಅದು ರಕ್ಷಣೆಯೋ, ಅಪಹರಣವೋ?

ಬ್ರಿಸ್ಟಲ್ ವಿಶ್ವವಿದ್ಯಾಲಯದ ಸ್ಟೀಫನ್ ಹ್ಯಾರಿಸ್ ಮತ್ತು ರಾಬರ್ಟ್‌ಸನ್ ಮುಂದಿನ ಹೆಜ್ಜೆ ಇಟ್ಟರು. ಮನುಷ್ಯರು ಸಾಕಿ ಬೆಳೆಸಿದ ಮರಿಗಳಿಗೆ ರೇಡಿಯೋ ಕಾಲರ್ ಹಾಕಿ ಬಿಟ್ಟು, ಎಲ್ಲಿ ಹೋಗ್ತವೆ, ಎಷ್ಟು ದಿನ ಬದುಕ್ತವೆ ಅಂತ ಹಿಂಬಾಲಿಸಿ 1995ರಲ್ಲಿ ಎರಡು ಲೇಖನ ಪ್ರಕಟಿಸಿದರು. ಇತಿಹಾಸದಲ್ಲಿ ಇದು ಸಣ್ಣ ಘಟನೆ. ಯಾರ ಪ್ರತಿಮೆಯೂ ಎದ್ದಿಲ್ಲ. ಆದರೆ ನನ್ನ ಲೆಕ್ಕದಲ್ಲಿ ನಿಜವಾದ ತಿರುವು ಇದೇ. ಇಲ್ಲಿಯವರೆಗೆ ಮರಿ ಸಾಕಿದವರು ತಾವು ಏನು ಕೊಟ್ಟೆವು ಅಂತ ಎಣಿಸ್ತಿದ್ರು. ಎಷ್ಟು ಸಲ ಹಾಲು, ಎಷ್ಟು ರಾತ್ರಿ ಎಚ್ಚರ. ಇವರು ಎಣಿಸಿದ್ದು ಮರಿಗೆ ಏನಾಯ್ತು ಅಂತ.

ಇವತ್ತಿನ ಪದ್ಧತಿ ಇಂಥ ಪ್ರಶ್ನೆಗಳಿಂದ ಬೆಳೆದದ್ದು. ಕಾಡಿನಲ್ಲೂ ಮರಿಗಳು ಮನೆ ಬಿಡೋದು ಬೇಸಿಗೆ ಕಳೆದು ಚಳಿ ಶುರುವಾಗೋ ಹೊತ್ತಿಗೆ. ಆ ಲೆಕ್ಕ ನೋಡಿ ಗುಂಪಿಗೆ ಗುಂಪನ್ನೇ ಬಿಡೋ ಜಾಗಕ್ಕೆ ಒಯ್ದು ಅಲ್ಲೇ ಒಂದು ದೊಡ್ಡ ಬಲೆಯ ಗೂಡಿನಲ್ಲಿ ಕೆಲ ದಿನ ಇಡ್ತಾರೆ. ಅಲ್ಲಿನ ಮಣ್ಣಿನ ವಾಸನೆ, ರಾತ್ರಿಯ ಸದ್ದು ಅಭ್ಯಾಸ ಆಗಲಿ ಅಂತ. ಆಮೇಲೊಂದು ದಿನ ಬಾಗಿಲು ತೆರೆದಿಟ್ಟು ಬರ್ತಾರೆ. ಯಾರೂ ಓಡಿಸಲ್ಲ. ಹೊರಗೆ ಹೋದವು ಹಸಿವಾದ್ರೆ ಮರಳಿ ಬರಲಿ ಅಂತ ಸ್ವಲ್ಪ ದಿನ ಆಹಾರ ಇಡ್ತಾರೆ. ತಿನ್ನೋಕೆ ಬರೋದು ಕಡಿಮೆಯಾಗ್ತಾ ಆಗ್ತಾ ಒಂದಿನ ತಟ್ಟೆ ಇಟ್ಟ ಹಾಗೇ ಉಳಿಯುತ್ತೆ. ಎಲ್ಲಾ ಮರಿಗಳೂ ಬದುಕಲ್ಲ. ಕಾಡಿನಲ್ಲಿ ಹುಟ್ಟಿದ ಮರಿಗಳೂ ಎಲ್ಲಾ ಬದುಕಲ್ಲ. ಮೊದಲ ವರ್ಷವೇ ಗಂಡಾಂತರದ್ದು, ಊರ ನರಿಗಳಿಗೆ ದೊಡ್ಡ ಯಮ ರಸ್ತೆ.

ಇದೆಲ್ಲಾ ನಡೀತಿರೋವಾಗಲೇ ಬೇಟೆಯ ಬಗ್ಗೆ ದೇಶ ಜಗಳವಾಡಿತು. ಲಂಡನ್ನಿನ ಬೀದಿಗಳಲ್ಲಿ ಲಕ್ಷಗಟ್ಟಲೆ ಜನರ ಮೆರವಣಿಗೆ ಆಯ್ತು, ಬೇಟೆ ಬೇಕು ಅಂತ. ಸ್ಕಾಟ್‌ಲೆಂಡ್ 2002ರಲ್ಲಿ ಕಾನೂನು ತಂತು. ಇಂಗ್ಲೆಂಡ್ ಮತ್ತು ವೇಲ್ಸಿನ ಬೇಟೆ ನಿಷೇಧ ಕಾನೂನು 2004ರದ್ದು, ಜಾರಿಗೆ ಬಂದಿದ್ದು 2005ರ ಫೆಬ್ರವರಿ 18ಕ್ಕೆ. ಮೆನೆಲ್ ತನ್ನ ನಾಯಿಗಳನ್ನ ಸಾಕೋಕೆ ಶುರು ಮಾಡಿ ಆಗ 252 ವರ್ಷ ಆಗಿತ್ತು.

*

ಹಾಗಾದ್ರೆ ನರಿಮರಿ ಎಲ್ಲಿ ಸಿಕ್ಕಿದ್ರೂ ಸಾಕಿ ಬಿಡೋದೇ ಪುಣ್ಯವಾ? ಆಸ್ಟ್ರೇಲಿಯಾಗೆ ಹೋದ್ರೆ ಈ ಸೂತ್ರ ಮುರಿದು ಬೀಳುತ್ತೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ನೆಲೆಸಿದ ಇಂಗ್ಲಿಷರು ತಮ್ಮ ಬೇಟೆ ಚಪಲಕ್ಕೆ ಅಂತ ವಿಕ್ಟೋರಿಯಾ ಪ್ರಾಂತ್ಯದಲ್ಲಿ ಕೆಂಪು ನರಿ ತಂದು ಬಿಟ್ಟರು. ಅವು ಉತ್ತರದ ಉಷ್ಣವಲಯ ಬಿಟ್ಟು ಹೆಚ್ಚು ಕಡಿಮೆ ಇಡೀ ಖಂಡಕ್ಕೆ ಹಬ್ಬಿ, ಅಲ್ಲಿನ ಸಣ್ಣಪುಟ್ಟ ಮೂಲ ಪ್ರಾಣಿಗಳನ್ನ ತಿಂದು ಮುಗಿಸೋ ಸ್ಥಿತಿಗೆ ತಂದ್ವು. ನ್ಯೂ ಸೌತ್ ವೇಲ್ಸಿನಲ್ಲಿ 2014ರ ಆದೇಶವೊಂದು ನರಿಯನ್ನ ಪೀಡೆ ಪ್ರಾಣಿ ಅಂತ ಘೋಷಿಸಿತು. ಸಿಕ್ಕಿದ ಮರಿಯನ್ನ ಸಾಕಿ ಕಾಡಿಗೆ ಬಿಡೋ ಹಾಗಿಲ್ಲ. ಮರಿ ಅಷ್ಟೇ ಮುದ್ದು, ಅಷ್ಟೇ ನಿರಪರಾಧಿ. ಆದರೆ ಅದಕ್ಕೆ ಹಿಂದಿರುಗೋಕೆ ತನ್ನದು ಅನ್ನೋ ಕಾಡೇ ಅಲ್ಲಿಲ್ಲ. ಯಾರದೋ ಆಟಕ್ಕೆ ತಂದವುಗಳ ಮೊಮ್ಮಕ್ಕಳು ಈಗ ಸಾಲ ತೀರಿಸ್ತಿವೆ.

ನಮ್ಮ ದೇಶದ ನರಿಗಳಿಗೆ ಆ ತೊಂದರೆ ಇಲ್ಲ, ಇದು ಅವುಗಳದೇ ನೆಲ. ಕಾನೂನೂ ಅವುಗಳ ಕಡೆ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದಾಗ ಊಳಿಡೋ ನರಿ, ಬಯಲಿನ ಸಣ್ಣ ನರಿ ಎರಡನ್ನೂ ಮೊದಲನೇ ಪಟ್ಟಿಗೆ ಸೇರಿಸಿದ್ರು. ಹುಲಿ, ಆನೆ ಇರೋ ಪಟ್ಟಿ ಅದು. ಹಾಗಾಗಿ ಮರಿ ಮುದ್ದಾಗಿದೆ ಅಂತ ಮನೆಯಲ್ಲಿ ಇಟ್ಕೊಂಡು ರೀಲ್ಸ್ ಮಾಡೋದು ಅಪರಾಧ. ತೊಂದರೆ ಇರೋದು ಬೇರೆ ಕಡೆ. ಅವುಗಳ ಬೀಳು ನೆಲವನ್ನ ನಾವು ಸರ್ಕಾರಿ ಕಾಗದದಲ್ಲಿ ಉಪಯೋಗವಿಲ್ಲದ ಜಾಗ ಅಂತ ಬರೀತೀವಿ. ಆಮೇಲೆ ಅದಕ್ಕೆ ಬೇಲಿ ಹಾಕಿ ಲೇಔಟ್ ಮಾಡ್ತೀವಿ.

ಇಂಗ್ಲೆಂಡು ಇಷ್ಟು ಸುತ್ತು ಬಳಸಿ ಕಲಿತ ಪಾಠದ ಒಂದು ತುಣುಕು ಮಾತ್ರ ನಮ್ಮಲ್ಲಿ ಈಗಾಗಲೇ ಚಾಲ್ತಿಯಲ್ಲಿದೆ. ಮಂಡ್ಯ, ಮೈಸೂರು ಕಡೆ ಕಬ್ಬು ಕಟಾವಿನ ಹೊತ್ತಿಗೆ ಗದ್ದೆಯಲ್ಲಿ ಚಿರತೆ ಮರಿ ಸಿಕ್ಕಿದ ಸುದ್ದಿ ಪೇಪರಿನಲ್ಲಿ ಬರ್ತಾನೇ ಇರುತ್ತೆ. ಎಷ್ಟೋ ಸಲ ಅವು ಕಾಡುಬೆಕ್ಕಿನ ಮರಿಗಳಾಗಿರುತ್ತವೆ, ಆ ಮಾತು ಬೇರೆ. ಮಹಾರಾಷ್ಟ್ರದ ಜುನ್ನರ್ ಕಡೆ ಅರಣ್ಯ ಇಲಾಖೆ ಮತ್ತು ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯವರು ಇಂಥ ಮರಿಗಳನ್ನ ಝೂಗೆ ಸಾಗಿಸೋ ಬದಲು, ಪರೀಕ್ಷೆ ಮಾಡಿ, ಸಂಜೆ ಅದೇ ಗದ್ದೆಯಲ್ಲಿ, ಅದೇ ಜಾಗದಲ್ಲಿ ಡಬ್ಬದಲ್ಲಿಟ್ಟು ದೂರ ಸರೀತಾರೆ. ಕತ್ತಲಾದ ಮೇಲೆ ತಾಯಿ ಬಂದು ಕುತ್ತಿಗೆ ಹಿಡಿದು ಎತ್ತಿಕೊಂಡು ಹೋಗೋದು ಕ್ಯಾಮೆರಾದಲ್ಲಿ ಸಿಕ್ಕಿದೆ. ಇಂಗ್ಲೆಂಡಿನವರು ನರಿಮರಿಗೂ ಈಗ ಮೊದಲು ಮಾಡಿ ನೋಡೋದು ಇದನ್ನೇ. ಗಾಯ ಇಲ್ಲ, ಮೈ ಬಿಸಿ ಇದೆ ಅಂದ್ರೆ ಅಲ್ಲೇ ಇಟ್ಟು ತಾಯಿಗೆ ಒಂದು ರಾತ್ರಿ ಅವಕಾಶ ಕೊಡೋದು.

ಬೇಟೆಗಾರನೂ ಸಾಕಿದ, ಸ್ವಯಂಸೇವಕರೂ ಸಾಕ್ತಾರೆ. ನಡುವೆ ಬದಲಾಗಿದ್ದು ಕರುಣೆಯ ಪ್ರಮಾಣ ಅಲ್ಲ ಅಂತ ನನಗನ್ನಿಸುತ್ತೆ. ಬದಲಾಗಿದ್ದು, ಈ ಮರಿ ಯಾರದ್ದು ಅನ್ನೋ ಪ್ರಶ್ನೆಗೆ ಕೊಟ್ಟ ಉತ್ತರ. ಮೊದಲು ಅದು ಜಮೀನುದಾರನದ್ದು. ಆಮೇಲೆ, ಅಡುಗೆಮನೆಯಲ್ಲಿ ಹಾಲು ಕುಡಿಸಿದವರದ್ದು. ಈಗ, ಬಹಳ ಕಷ್ಟಪಟ್ಟು, ಅದರದ್ದೇ. ಹಾಗಾಗಿ ನಾಳೆ ನಿಮ್ಮ ಊರ ಬದುವಿನಲ್ಲೋ, ಊರಾಚೆ ಕಟ್ತಿರೋ ನಿಮ್ಮ ಅಪಾರ್ಟ್‌ಮೆಂಟಿನ ಸೈಟಿನಲ್ಲೋ ಕಣ್ಣು ಪಿಳಿಪಿಳಿ ಬಿಡೋ ಮರಿಯೊಂದು ಕಂಡ್ರೆ ಮೊದಲು ನಾಯಿಗಳನ್ನ, ಹುಡುಗರನ್ನ ದೂರ ಕಳಿಸಿ. ಅರಣ್ಯ ಇಲಾಖೆಗೆ ಫೋನ್ ಮಾಡಿ. ಮರಿ ತಣ್ಣಗಾಗಿದ್ರೆ, ಗಾಯವಾಗಿದ್ರೆ ಅದನ್ನೂ ಹೇಳಿ. ಹಾಲಿನ ಪ್ಯಾಕೆಟ್ಟಿಗೆ ಕೈ ಹಾಕಬೇಡಿ. ಆಮೇಲೆ ನೀವೂ ಸ್ವಲ್ಪ ದೂರ ಹೋಗಿ ನಿಲ್ಲಿ. ಅದರ ಅಮ್ಮ ಅಲ್ಲೇ ಪೊದೆಯ ಹಿಂದೆ ಕೂತು, ನೀವು ಯಾವಾಗ ಹೋಗ್ತೀರಿ ಅಂತ ಕಾಯ್ತಿರಬಹುದು.